ಕ್ಲಬ್ಬಿನ ಹೊಸ್ತಿಲು

ನೋವಿನ ಎಣ್ಣೆಯ ಘಾಟು ಕ್ಲಬ್ಬಿನ ಬಾಗಿಲಲ್ಲೇ ಮೂಗಿಗೆ ಬಡಿಯಿತು. ಇಡ್ವಾಲ್‌ಗೆ ಅದು ಅಪ್ಪನ ಅಂಗೈಯ ವಾಸನೆ. ಅವನು ಚಿಕ್ಕವನಿದ್ದಾಗ ಅಪ್ಪ ಶನಿವಾರ ಸಂಜೆ ಆಟಗಾರರ ಕಾಲು ತಿಕ್ಕಿ ಮನೆಗೆ ಬಂದು ಬ್ರೆಡ್ ಕೊಯ್ದು ಕೊಟ್ಟರೆ ಬ್ರೆಡ್ಡಿಗೂ ಅದೇ ವಾಸನೆ ಅಂಟಿರುತ್ತಿತ್ತು. ಈಗ ಗಂಡಸರೆಲ್ಲ ಆ ಅಪ್ಪನನ್ನು ಗುಡ್ಡದ ಮೇಲೆ ಮಣ್ಣು ಮಾಡಿ ಇಳಿದು ಬಂದಿದ್ದರು. ಒಳಗೆ ಹೆಂಗಸರು ಹಂದಿಮಾಂಸ ಕೊಯ್ದಿಟ್ಟು, ಚಹಾ ಕಾಸಿ ಕಾಯುತ್ತಿದ್ದರು.

ಹೇಡನ್ ಬಾಗಿಲಿಗೆ ಅಡ್ಡ ನಿಂತ. ಶಾಲೆಯಲ್ಲಿ ಒಂದೇ ಬೆಂಚಿನವನು; ಈಗ ಕ್ಲಬ್ಬಿನ ಕಾರ್ಯದರ್ಶಿ.

"ಇಡ್ವಾಲ್... ನಿಂಗೆ ಗೊತ್ತಲ್ಲಪ್ಪ."

"ಏನೋ ಗೊತ್ತು? ಸತ್ತಿರೋದು ನಮ್ಮಪ್ಪ ಕಣೋ."

"ಕಾರ್ಡಿಫ್‌ನಿಂದ ರಗ್ಬಿ ಸಂಘದ ದೊಡ್ಡೋರು ಬಂದು ಒಳಗೆ ಕೂತಿದಾರೆ. ನೀನು ಕಾಲಿಟ್ರೆ ಕ್ಲಬ್ಬನ್ನೇ ಸಂಘದಿಂದ ಹೊರಗೆ ಹಾಕ್ತಾರೆ."

ಊರಿನದು ಹದಿನೈದು ಜನರ ರಗ್ಬಿ; ಅದರಲ್ಲಿ ಆಟಕ್ಕೆ ಕಾಸು ಮುಟ್ಟುವಂತಿಲ್ಲ. ಉತ್ತರದವರದು ಹದಿಮೂರು ಜನರ ಲೀಗ್. ಅಲ್ಲಿ ಕಾಸು ಕೊಡುತ್ತಾರೆ. ಗಣಿ ಬಿಟ್ಟು ಉತ್ತರಕ್ಕೆ ಹೋದವನು ಮತ್ತೆ ಹಳೇ ಕ್ಲಬ್ಬಿನ ಹೊಸ್ತಿಲು ತುಳಿಯಬಾರದು. ಇಡ್ವಾಲ್ ಹಾಗೆ ಹೋದವನು; ಲೀಗಿನ ಬ್ರಿಟನ್ ತಂಡದ ಅಂಗಿ ತೊಟ್ಟು ಸಿಡ್ನಿಯಲ್ಲಿ ಆಡಿ ಬಂದಿದ್ದ. ಆದರೂ ಅಷ್ಟೇ.

"ಆಸ್ಟ್ರೇಲಿಯಾದವರು ಅಷ್ಟೂ ಜನ ಸೇರಿ ಇವನನ್ನ ತಡೆಯೋಕಾಗ್ಲಿಲ್ಲ. ನಮ್ಮ ಹೇಡನ್ ಒಬ್ಬನೇ ತಡೆದ ನೋಡ್ರಪ್ಪ!" ಎಂದು ಹಿಂದಿನಿಂದ ಯಾರೋ ಮುದುಕ ಅಂದ. ನಗಬೇಕೋ ಬೇಡವೋ ಎಂದು ಜನ ತಲೆ ತಗ್ಗಿಸಿಕೊಂಡು ಒಳಗೆ ಹೋದರು.

ಅಕ್ಕ ನೆಸ್ಟಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಮಣ್ಣಿನ ಊಟ ಚಾಪೆಲ್ಲಿನ ಕೋಣೇಲಿ ಮಾಡೋಣ ಅಂದೆ ಕಣೋ. ಅಪ್ಪ ಕೇಳಲಿಲ್ಲ. ನನ್ನ ಊಟ ಕ್ಲಬ್ಬಲ್ಲೇ ಆಗ್ಬೇಕು ಅಂತ ಕೈ ಹಿಡಿದು ಮಾತು ತಗೊಂಡ್ರು."

"ನಾನು ಬರ್ತೀನಿ ಅಂತ ಅವರಿಗೆ ಗೊತ್ತಿತ್ತಾ?"

"ಬರ್ತಾನಾ ಅಂತ ಕೇಳಿದ್ರು. ಬರ್ತಾನೆ ಅಂದೆ. ಅದಾದ್ಮೇಲೇ ಹೀಗಂದಿದ್ದು." ನೆಸ್ಟಾಳ ದನಿ ಇಳಿಯಿತು. "ನಂಗೂ ಅರ್ಥ ಆಗ್ಲಿಲ್ಲ."

ಇಡ್ವಾಲ್ ಹೇಡನ್‌ನ ಭುಜ ನೋಡಿದ. ಒಂದು ತಳ್ಳು ಸಾಕಿತ್ತು. ಆದರೆ ಅಪ್ಪ ಬಯಸಿದ್ದು ಏನು? ಮಗ ಹೊರಗೇ ನಿಲ್ಲಲಿ ಅಂತಲೇ? ತನ್ನನ್ನು ಮಣ್ಣು ಮಾಡಿದ ದಿನವಾದರೂ ಮಗನಿಗೆ ಬಾಗಿಲು ತೆರೆದಾರು ಅಂತಲೇ? ಅಥವಾ ಕೊನೆಗಾಲದ ಜ್ವರದಲ್ಲಿ ನಿಯಮವೇ ಮರೆತುಹೋಗಿತ್ತೆ? ಮಗನ ಲೀಗಿನ ಆಟವನ್ನು ಅಪ್ಪ ಒಮ್ಮೆಯೂ ನೋಡಲು ಬಂದಿರಲಿಲ್ಲ. ಸಿಡ್ನಿಯಿಂದ ಮರಳಿದಾಗ ಕೇಳಿದ್ದು ಒಂದೇ ಮಾತು: "ಅಲ್ಲಿ ಮಳೆ ಬರುತ್ತಾ?" ಅದು ಕೋಪವೋ ಕಕ್ಕುಲಾತಿಯೋ ಎಂದು ಅವತ್ತೂ ತಿಳಿದಿರಲಿಲ್ಲ.

"ನೀನು ಒಳಗೆ ಹೋಗಕ್ಕ. ಚಹಾ ಆರುತ್ತೆ," ಎಂದ.

ಅವನು ಗೋಡೆ ಬಳಸಿ ಹಿಂದಕ್ಕೆ ನಡೆದ. ಮೈದಾನ ಸಮ ಮಾಡಲು ಅಪ್ಪ ಎಳೆಯುತ್ತಿದ್ದ ಕಬ್ಬಿಣದ ಉರುಳೆ ಅಲ್ಲೇ ಬಿದ್ದಿತ್ತು. ಅದರ ಮೇಲೆ ಕೂತ. ಒಳಗಿನಿಂದ ಬಟ್ಟಲುಗಳ ಸದ್ದು, ಆಮೇಲೆ ಹಾಡು. ಅಪ್ಪನ ದಪ್ಪ ದನಿ ಸೇರಬೇಕಾದ ಸಾಲಿನಲ್ಲಿ ಹಾಡು ತೆಳ್ಳಗಾಯಿತು. ಗೊತ್ತಿಲ್ಲದೆಯೇ ಇಡ್ವಾಲ್ ಹೊರಗಿನಿಂದ ಆ ಸಾಲು ಗುನುಗಿದ.

ತಲೆಯ ಮೇಲಿನ ಕಿಟಕಿ ಕಿರುಗುಟ್ಟಿತು. ಎರಡು ಕೈ ಹೊರಗೆ ಬಂದವು, ತಟ್ಟೆಯ ಮೇಲೆ ತಟ್ಟೆ ಮುಚ್ಚಿ ಹಿಡಿದಿದ್ದವು.

"ಮಾಂಸಕ್ಕೆ ಸಾಸಿವೆ ಹಚ್ಚಿಲ್ಲ," ಎಂದ ಹೇಡನ್. "ನಿಂಗೆ ಆಗಲ್ವಲ್ಲ."

ಇಡ್ವಾಲ್ ಎದ್ದು ತಟ್ಟೆ ತಗೊಂಡ. ಹೇಡನ್ ಕಿಟಕಿ ಮುಚ್ಚಲಿಲ್ಲ.