ಮೋಡ ಬಂದ್ರೆ ಪೋನು ಬರಲ್ಲ

ಮೋಡ ಅಂದರೆ ತಂಗಮ್ಮಾಳಿಗೆ ಮೊದಲಿನಿಂದಲೂ ಆಗದು. ತಮಿಳುನಾಡಿನ ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುವವರು ಯಾರಿಗೂ ಆಗದು ಬಿಡಿ. ಗೊನೆ ಬಣ್ಣ ತಿರುಗುವ ಹೊತ್ತಿಗೆ ಮೋಡ ಕವಿದು ಕೂತಿತೋ, ಬಳ್ಳಿಗೆ ರೋಗ, ಮನೆಯವರಿಗೆ ತಲೆನೋವು. ಆದರೆ ಅವತ್ತು ಮುಂಬೈಯಲ್ಲಿ, ಇನ್ನೂ ನೆಲದ ಮೇಲೇ ನಿಂತಿದ್ದ ವಿಮಾನದ ಕಿಟಕಿಗೆ ಹಣೆ ಒತ್ತಿಕೊಂಡು ಆಕೆ ಆಕಾಶ ನೋಡಿದ ಹಾಗೆ ತೋಟದಲ್ಲೂ ಯಾವತ್ತೂ ನೋಡಿರಲಿಲ್ಲ. ಆಕಾಶ ತೊಳೆದಿಟ್ಟಂತೆ ಶುಭ್ರವಾಗಿತ್ತು. ಒಂದು ತುಣುಕು ಮೋಡವಿಲ್ಲ. ಸದ್ಯ, ದೇವರು ದೊಡ್ಡವನು ಅಂದುಕೊಂಡಳು.

ಆಕೆ ಹೊರಟಿದ್ದು ವಿಮಾನ ಹತ್ತುವುದಕ್ಕಲ್ಲ. ಊರಿನ ದ್ರಾಕ್ಷಿ ಬೆಳೆಗಾರರ ಜೊತೆ ರೈಲಿನಲ್ಲಿ, ಹುಳಿಯನ್ನದ ಗಂಟು ಕಟ್ಟಿಕೊಂಡು, ನಾಸಿಕದ ತೋಟಗಳನ್ನೂ ಒಣದ್ರಾಕ್ಷಿ ಮಾಡುವ ಶೆಡ್ಡುಗಳನ್ನೂ ನೋಡಿ ಬರಲು ಹೋಗಿದ್ದಳು. ಮಗಳು ಗೋಮತಿಗೆ ದಿನ ತುಂಬಲು ಇನ್ನೂ ಒಂದು ತಿಂಗಳಿತ್ತು. ಅಷ್ಟರಲ್ಲಿ ಬಂದುಬಿಡುತ್ತೇನೆ ಎಂದು ಹೊರಟವಳಿಗೆ ಬೆಳಗ್ಗೆ ಅಳಿಯ ಶಕ್ತಿವೇಲ್ ಫೋನು ಮಾಡಿದ. ಗೋಮತಿಗೆ ನೋವು ಶುರುವಾಗಿದೆ, ತೇನಿಯ ಆಸ್ಪತ್ರೆಗೆ ಸೇರಿಸಿದ್ದೇವೆ, ಮಗು ಅಡ್ಡ ತಿರುಗಿದೆಯಂತೆ.

ಎರಡು ವರ್ಷದ ಹಿಂದೆ ಗೋಮತಿಯ ಮೊದಲ ಮಗು ಏಳನೇ ತಿಂಗಳಲ್ಲೇ ಹೋಗಿತ್ತು. ಅವತ್ತು ತಂಗಮ್ಮಾಳ್ ದಿಂಡಿಗಲ್ಲಿನಲ್ಲಿ ಒಂದು ಮದುವೆಯೂಟದ ಪಂಕ್ತಿಯಲ್ಲಿ ಕೂತಿದ್ದಳು. ಸುದ್ದಿ ಮುಟ್ಟಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳು ಬೈಯಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದಳು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು. ಅದಕ್ಕೇ ಈ ಸಲ ಮೂರನೇ ತಿಂಗಳಿನಿಂದಲೇ ಮಾತು ಕೊಟ್ಟಿದ್ದಳು, "ಈ ದಪ ನಿನ್ ಕೈ ಹಿಡ್ಕಂಡೇ ಕುಂತಿರ್ತೀನಿ ತಾಯೀ, ಎಲ್ಲೂ ಹೋಗಲ್ಲ" ಅಂತ. ಕೊಟ್ಟ ಮಾತಿನ ಚೆಂದ ನೋಡಿ, ಕೂತಿದ್ದು ನಾಸಿಕದಲ್ಲಿ!

ಜೊತೆಯವರೇ ಟಿಕೆಟ್ ಮಾಡಿಸಿ, ಕಾರಿನಲ್ಲಿ ಮುಂಬೈಗೆ ಕರೆತಂದು, ಮಧುರೈ ವಿಮಾನಕ್ಕೆ ಹತ್ತಿಸಿದರು. ಬಾಗಿಲು ದಾಟುವಾಗ ಶಕ್ತಿವೇಲ್ ಮತ್ತೆ ಫೋನು ಮಾಡಿ ಧೈರ್ಯ ಹೇಳಿದ್ದ.

"ಅತ್ತೇ, ಪಯಪಡ್ಬೇಡಿ. ಆದಂಗಾದಂಗೆ ನಾನು ಹೇಳ್ತಾ ಇರ್ತೀನಿ. ಪ್ಲೈಟ್ ಮೋಡ್ ಬಂದ್ರೆ ಮಾತ್ರ ಪೋನು ಬರಲ್ಲ, ನೆನಪಿರ್ಲಿ."

ಇಲ್ಲೇ ನೋಡಿ ಎಡವಟ್ಟಾಗಿದ್ದು. ಹೊಸ್ತಿಲು ದಾಟಿದರೆ ತಮಿಳು, ಮನೆಯೊಳಗೆ ಕನ್ನಡ ಆಡುವ ಮಂದಿ ಇವರು. ತಮಿಳರ ಹೆಂಗಸಾಗಿದ್ದರೆ 'ಮೋಡ್' ಅನ್ನುವುದು ಯಾವುದೋ ಇಂಗ್ಲಿಷ್ ಪದ ಅಂದುಕೊಂಡು ಪಕ್ಕದವರನ್ನು ಕೇಳುತ್ತಿದ್ದಳು. ಅವರ ಮೇಘಕ್ಕೂ ಈ ಮಾತಿಗೂ ಏನು ಸಂಬಂಧ? ತಂಗಮ್ಮಾಳಿಗೆ ಮಾತ್ರ ಯಾರನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ. ಮೋಡ ಅಂದರೆ ಮೋಡ. ವಿಮಾನಕ್ಕೆ ಮೋಡ ಅಡ್ಡ ಬಂದರೆ ಫೋನು ಬರುವುದಿಲ್ಲ, ಮೋಡವಿಲ್ಲದಿದ್ದರೆ ಬರುತ್ತದೆ. ಇದರಲ್ಲಿ ತಿಳಿಯದೇ ಇರುವುದಕ್ಕೆ ಏನಿದೆ?

ಗಗನಸಖಿ ಸಾಲುಸಾಲಾಗಿ ನೋಡುತ್ತಾ ಬಂದಳು. ತಂಗಮ್ಮಾಳ ಮಡಿಲಲ್ಲಿದ್ದ ಫೋನಿನತ್ತ ಬೆರಳು ಮಾಡಿ, "ಮೇಡಂ, ಫ್ಲೈಟ್ ಮೋಡ್?" ಎಂದಳು.

ಪಾಪದ ಹುಡುಗಿ, ಇವಳಿಗೂ ಅದೇ ಚಿಂತೆ ಅಂತ ತಂಗಮ್ಮಾಳಿಗೆ ಅಕ್ಕರೆ ಉಕ್ಕಿತು. ಕಿಟಕಿಯ ಕಡೆ ಕೈ ತೋರಿಸಿ, ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, "ನೋ ಮೋಡ! ನೋ ನೋ!" ಎಂದು ಸಮಾಧಾನ ಹೇಳಿದಳು. ಗಗನಸಖಿ ಇನ್ನೇನೋ ಹೇಳಲು ಬಗ್ಗಿದಳು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರದೋ ಚೀಲ ಮೇಲಿನಿಂದ ಧೊಪ್ಪನೆ ಬಿತ್ತು, ಅವಳು ಅತ್ತ ಓಡಿದಳು.

ವಿಮಾನ ಜೋರಾಗಿ ಓಡತೊಡಗಿತು. ಆಗಲೇ ಫೋನು ಬಡಿದುಕೊಂಡಿತು. ಮುಂದಿನವರು ಹಿಂದಿನವರು ಎಲ್ಲ ತಿರುಗಿ ನೋಡಿದರು. ನೋಡಲಿ, ಯಾರಿಗೇನು?

"ಅತ್ತೇ, ಗೋಮತೀನ ಆಪರೇಸನ್ನಿಗೆ ಒಳಕ್ಕೆ ಕರ್ಕಂಡೋದ್ರು. ಡಾಕ್ಟ್ರಮ್ಮ ಏನಂದ್ರು ಅಂದ್ರೆ..."

ನೆಲ ಕೆಳಗೆ ಜಾರಿತು, ಮಾತು ತುಂಡಾಯಿತು. "ಮಾಪ್ಳೇ? ಏನಂದ್ರು? ಅಲೋ!" ಎಂದು ಅಳಿಯನನ್ನು ಕೂಗಿಕೊಂಡಳು. ಫೋನು ಉಸಿರೆತ್ತಲಿಲ್ಲ. ಕಿಟಕಿಯಾಚೆ ನೋಡಿದರೆ ಮೋಡವೂ ಇಲ್ಲ. ಮೋಡವಿಲ್ಲದೆ ಯಾಕೆ ನಿಂತಿತು? ಡಾಕ್ಟ್ರಮ್ಮ ಏನಂದಿರಬಹುದು? ಒಳ್ಳೆಯದಾಗಿದ್ದರೆ ಅಷ್ಟು ಎಳೆದು ಹೇಳುತ್ತಿದ್ದನೇ?

ಎಷ್ಟೋ ಹೊತ್ತಾದ ಮೇಲೆ ಬೆಟ್ಟಗಳ ಮೇಲೆ ಹೋಗುವಾಗ ಬೇಡದ ನೆಂಟ ಬಂದೇ ಬಂದ. ಕಿಟಕಿ ತುಂಬ ಬೆಳ್ಳಗೆ ಮೋಡ. ವಿಮಾನ ಹಳ್ಳಕ್ಕೆ ಬಿದ್ದ ಎತ್ತಿನ ಗಾಡಿಯ ಹಾಗೆ ಒಂದು ಸಲ ಕುಕ್ಕಿತು, ಮತ್ತೊಂದು ಸಲ ಕುಕ್ಕಿತು. ಎಲ್ಲೋ ಒಂದು ಮಗು ಕಿಟಾರನೆ ಕಿರುಚಿತು. ತಂಗಮ್ಮಾಳ್ ಮಡಿಲಿನ ಫೋನನ್ನು ಕೈಗೆತ್ತಿಕೊಂಡಳು. ಗಗನಸಖಿ ಕೇಳಿದ್ದೇಕೆ ಅನ್ನುವುದು ಈಗ ತಲೆಗೆ ಹೊಳೆಯಿತು. ಮೋಡದೊಳಗೆ ಫೋನು ಆರಿಸಿರಬೇಕು. ಇಲ್ಲದಿದ್ದರೆ ವಿಮಾನಕ್ಕೇ ಕೇಡು! ಹೇಗೆ ಆರಿಸುವುದು? ಮಗಳು ಕೊಡಿಸಿದ ಫೋನನ್ನು ಆಕೆ ಒಂದು ದಿನವೂ ಆರಿಸಿದವಳಲ್ಲ. ಸಿಕ್ಕಿದ್ದನ್ನೆಲ್ಲ ಒತ್ತಿದಳು. ಫೋನು ತಮಿಳು ಹಾಡೊಂದನ್ನು ಗಟ್ಟಿಯಾಗಿ ಹಾಡತೊಡಗಿತು.

"ಅಯ್ಯಯ್ಯೋ, ಮೋಡ ಬಂದ್ಬುಡ್ತು! ಪೋನು ಬದ್ಕೈತೆ! ನನ್ನಿಂದ ಇಷ್ಟು ಜನ... ನನ್ ಮಗ್ಳು ಮೊಕಾನಾದ್ರೂ ನೋಡಂಗ್ ಮಾಡಪ್ಪಾ ಎಂಕಟ್ರಮಣಾ!"

ಪಕ್ಕದ ಸೀಟಿನಲ್ಲಿ ಅದುವರೆಗೆ ಕಣ್ಣು ಮುಚ್ಚಿ ಕೂತಿದ್ದ ಆಸಾಮಿ ಥಟ್ಟನೆ ಎದ್ದು ಕೂತ. ಹೆಸರು ಮನೋಜ್‌ಕುಮಾರ್, ದಿಂಡಿಗಲ್ಲಿನಲ್ಲಿ ಬೀಗದ ವ್ಯಾಪಾರ. ಹಾಡನ್ನು ನಿಲ್ಲಿಸಿ, "ಅಮ್ಮಾ, ನೀಂಗ ಕನ್ನಡಮಾ?" ಎಂದು ತಮಿಳಿನಲ್ಲಿ ಕೇಳಿದ. ಆಕೆ ಹೌದೆಂದು ತಲೆಯಾಡಿಸಿದಳು. "ನಮ್ ಮನೇಲೂ ಕನ್ನಡಾನೇ ದೊಡ್ಡಮ್ಮಾ, ಊರು ತೇನಿ ಪಕ್ಕ ಮಾರ್ಕಯನ್‌ಕೋಟ್ಟೈ. ನಾನು ಕನ್ನಡ ತಿಳೀತದೆ, ಮಾತಾಡಾಕೆ ಸರಿಯಾಗ್ ವರಾದು" ಎಂದ. ಅರ್ಧ ಕನ್ನಡ, ಅರ್ಧ ತಮಿಳು, ಆದರೂ ಮುಂಬೈ ಬಿಟ್ಟಾಗಿನಿಂದ ಆಕೆಯ ಕಿವಿಗೆ ಬಿದ್ದ ಮೊದಲ ಮನೆಮಾತು ಅದು. ತಂಗಮ್ಮಾಳ್ ಅವನ ತೋಳು ಹಿಡಿದುಕೊಂಡೇ ಅಳಿಯ ಹೇಳಿದ್ದನ್ನೂ ತಾನು ಮಾಡಿದ್ದನ್ನೂ ಒದರಿದಳು.

ಮನೋಜ್ ನಕ್ಕ ನಗೆಗೆ ಸೀಟು ಅಲ್ಲಾಡಿತು. "ಅಯ್ಯೋ ದೊಡ್ಡಮ್ಮಾ, ಅದು ಮೇಲಿನ ಮೋಡ ಅಲ್ಲ! ಪೋನಲ್ಲೇ ಇರದು, ಪ್ಲೈಟ್ ಮೋಡ್. ಈ ಇಮಾನದ್ ಪಡ, ಚಿತ್ರ, ಐತಲ್ಲ, ಇದ್ನ ಒತ್ತದು, ಅಷ್ಟೇ." ಒತ್ತಿ ತೋರಿಸಿದ. "ಒಂದ್ ಪೋನಿಂದ ಇಮಾನ ಬೀಳಲ್ಲ. ಎಲ್ರ ಪೋನೂ ಟವರ್ ತೇಡ್ತಾ, ಹುಡುಕ್ತಾ ಇದ್ರೆ ಪೈಲಟ್ ಕಿವೀಲಿ ಗೊರಗೊರ ಸದ್ದಾಗ್ತದೆ ಅಂತ ಹಾಕ ಹೇಳ್ತಾರೆ. ಇದು ಕುಲುಕಿದ್ದು ಗಾಳಿಯಿಂದ, ನಿಮ್ಮಿಂದ ಅಲ್ಲ."

ವಿಮಾನವೂ ಮಾತು ಕೇಳಿಸಿಕೊಂಡವರ ಹಾಗೆ ನೆಟ್ಟಗಾಯಿತು. ಜನರನ್ನು ಕೊಂದ ಪಾಪ ತಪ್ಪಿತಲ್ಲ ಅಂತ ಆಕೆ ಉಸಿರುಬಿಟ್ಟಳು. ಆಮೇಲೆ ಮಗಳ ಸಂಗತಿ ಹೇಳಿದಳು, ಹಳೆಯದನ್ನೂ ಸೇರಿಸಿ. ಮನೋಜನ ನಗು ಅಲ್ಲೇ ನಿಂತಿತು. "ಎಲ್ಲಾ ನಲ್ಲಾ ಆಗ್ತದೆ ದೊಡ್ಡಮ್ಮಾ. ಇಳಿದ ತಕ್ಷಣ ನಾನೇ ಪೋನು ಹಾಕಿಕೊಡ್ತೀನಿ" ಎಂದ.

ಇಳಿದ ತಕ್ಷಣ ಆಗಿದ್ದೇ ಬೇರೆ. ಮಧುರೈಯಲ್ಲಿ ಚಕ್ರ ನೆಲ ಮುಟ್ಟಿದ್ದೇ ತಡ, ಸಂತೆ ಎದ್ದಂತೆ ಎಲ್ಲರೂ ಎದ್ದರು. ಮನೋಜನ ಫೋನಿಗೆ ಯಾವುದೋ ವ್ಯಾಪಾರದ ಕರೆ ಬಂತು, ಅವನು ಮಾತಾಡುತ್ತಾ ಜನದ ನಡುವೆ ಮುಂದೆ ಸರಿದುಹೋದ. ತಂಗಮ್ಮಾಳ್ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇಳಿದಳು. ನೆಲಕ್ಕೆ ಬಂದಾಯಿತಲ್ಲ, ಇನ್ನು ತಾನಾಗೇ ಬರುತ್ತದೆ ಅಂತ ಅವಳ ಲೆಕ್ಕ.

ಬರಲಿಲ್ಲ. ಪೆಟ್ಟಿಗೆಗಳು ಸುತ್ತಿ ಬರುವ ಬೆಲ್ಟಿನ ಹತ್ತಿರ ನಿಂತಳು. ಸುತ್ತ ಎಲ್ಲರ ಫೋನೂ ಕೂಗುತ್ತಿತ್ತು, ಇವಳದೊಂದು ಬಿಟ್ಟು. ತಾನೇ ಹಚ್ಚಿ ನೋಡಿದಳು, ಹೋಗಲಿಲ್ಲ. ಆದಂಗಾದಂಗೆ ಹೇಳುತ್ತೇನೆ ಎಂದವನು ಯಾಕೆ ಸುಮ್ಮನಾದ? ಒಳ್ಳೆಯ ಸುದ್ದಿಯಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಲ ಮಾಡುತ್ತಿದ್ದ. ಗೋಡೆಯ ಕಡೆ ತಿರುಗಿದ ಆ ಬೆನ್ನು ಕಣ್ಣ ಮುಂದೆ ಬಂತು. ಈ ಸಲವೂ ತಪ್ಪಿಸಿಕೊಂಡೆನಲ್ಲ ಮಗಳೇ ಎಂದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವಳ ಚೀಲ ಬೆಲ್ಟಿನ ಮೇಲೆ ಎದುರಿಗೇ ಬಂದು ಹೋಯಿತು, ಅವಳು ಕೈ ಚಾಚಲಿಲ್ಲ.

"ದೊಡ್ಡಮ್ಮಾ! ನಿಮ್ಮನ್ನ ಎಲ್ಲಾ ಕಡೆ ಹುಡುಕ್ದೆ. ಏನಾಚ್ಚು?" ಮನೋಜ್ ಏದುಸಿರು ಬಿಡುತ್ತಾ ವಾಪಸ್ಸು ಬಂದಿದ್ದ.

"ಪೋನೇ ಬರ್ಲಿಲ್ಲ ತಂಬೀ. ಮುಗ್ದೋಯ್ತು ಅನ್ಸ್ತದೆ."

ಅವನು ಫೋನು ಇಸಿದುಕೊಂಡು ನೋಡಿ ಹಣೆ ಬಡಿದುಕೊಂಡ. "ಎಲ್ಲಿಂದ ಬರ್ತದೆ? ನೀವಿನ್ನೂ ಮೋಡ್‌ದಲ್ಲೇ ಇದ್ದೀರಿ!"

ವಿಮಾನದ ಚಿತ್ರವನ್ನು ಒತ್ತಿದ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಫೋನು ಒಂದರ ಹಿಂದೊಂದು ಟಿಣ್ ಟಿಣ್ ಅಂದಿತು, ಅದು ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಶಕ್ತಿವೇಲ್.

"ಅತ್ತೇ..." ಎಂದವನೇ ಬಿಕ್ಕಿ ಬಿಕ್ಕಿ ಅತ್ತ.

ತಂಗಮ್ಮಾಳ್ ಫೋನನ್ನು ಕಿವಿಗೆ ಒತ್ತಿಕೊಂಡಳು. "ಮಾಪ್ಳೇ, ಅಳ್ಬೇಡಿ. ಏನಿದ್ರೂ ಹೇಳ್ಬುಡಿ."

ಅವನು ಹೇಳಬೇಕಾಗಲಿಲ್ಲ. ಅವನ ಅಳುವಿನ ಹಿಂದೆ ಇನ್ನೊಂದು ಅಳು ಕೇಳಿಸಿತು. ಸಣ್ಣದು, ಕೀಚು ಗಂಟಲಿನದು, ಆದರೆ ಏನು ಸಿಟ್ಟು ಅದಕ್ಕೆ! "ಎಣ್ಣು ಮಗು ಅತ್ತೇ! ಗೋಮತೀನೂ ಚೆನ್ನಾಗವ್ಳೆ. ಎಷ್ಟ್ ದಪ ಮಾಡ್ದೆ ಗೊತ್ತಾ? ಎಲ್ಲೋಗಿದ್ರಿ ನೀವು?"

ಹೋದ ಜೀವ ಬಂದಂತಾಯಿತು. ತಂಗಮ್ಮಾಳ್ ನಗುತ್ತಲೂ ಅಳುತ್ತಲೂ ಮನೋಜನ ತಲೆ ಸವರಿ ಲಟಕ್ಕನೆ ನೆಟಿಕೆ ಮುರಿದಳು. ನಿಂತಿದ್ದವರೆಲ್ಲ ನೋಡುತ್ತಿದ್ದರು. ಫೋನು ಕೈ ಬದಲಾದ ಸದ್ದಾಯಿತು. ಆಮೇಲೆ ಗೋಮತಿಯ ದನಿ ಬಂತು, ಸೋತು ಹೋದ ಸಣ್ಣ ದನಿ.

"ಅಮ್ಮಾ... ಎಲ್ಲಿದ್ದೆ ಇಷ್ಟೊತ್ತು?"

"ಮೋಡದಾಗಿದ್ದೆ ತಾಯೀ" ಎಂದಳು ತಂಗಮ್ಮಾಳ್. "ಇಗಾ, ಈಗ್ ಇಳ್ದೆ. ಕೈ ಚಾಚ್ಕಂಡಿರು, ಬಂದ್ಬುಟ್ಟೆ."