ಕೋಟಿನ ಕೊನೆಯ ಗುಂಡಿ

ದರ್ಜಿ ಸತ್ತು ಬದುಕಿದ. ನಿದ್ದೆ ಕಳೆದುಕೊಂಡವಳು ಅವನ ಹೆಂಡತಿ. ಸತ್ತು ಬಂದವನು ಆರಾಮಾಗಿ ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ ಮಲಗಿದವಳು ಗೊರಕೆ ನಿಂತರೆ ಸಾಕು, ಎದ್ದು ಕೂತು ಅವನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು. ಸಂಸಾರ ಅಂದರೆ ಇದೇ ಅಲ್ಲವೇ!

ನಡೆದದ್ದು ಇಷ್ಟು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅವತ್ತು ಮಧ್ಯಾಹ್ನ ಮೇಷ್ಟ್ರು ತಮ್ಮ ಕೋಟು ಎಲ್ಲಿಗೆ ಬಂತು ಅಂತ ನೋಡಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ನಿವೃತ್ತಿಯ ಸಮಾರಂಭಕ್ಕೆ ಹಾಕಿಕೊಳ್ಳಬೇಕಾದ ಕೋಟು ಅದು. ದರ್ಜಿ ಅದರ ತೋಳು ಹೊಲಿಯುತ್ತಿದ್ದವನು ಹಾಗೇ ಮೆಷಿನ್ನಿನ ಮೇಲೆ ತಲೆ ಇಟ್ಟ. ಒಳಗೆ ಹೆಂಡತಿ ತಟ್ಟೆ ಇಟ್ಟುಕೊಂಡು ಊಟಕ್ಕೆ ಕರೆಯುತ್ತಿದ್ದಳು. ಮೆಷಿನ್ನಿನ ಸದ್ದು ನಿಂತಾಗ, ಸದ್ಯ ಎದ್ದರು ಅಂದುಕೊಂಡಳು. ಬರಲಿಲ್ಲ ಅಂತ ಸಿಟ್ಟಾಗಿ ಮತ್ತೂ ಕರೆದಳು. ಪರದೆಯಾಚೆ ಗಂಡ ನೆಲದ ಮೇಲೆ ಬಿದ್ದಿದ್ದ. ಮೇಷ್ಟ್ರು ಶಾಲೆಯ ತರಬೇತಿಯಲ್ಲಿ ಕಲಿತದ್ದನ್ನು ನೆನಪು ಮಾಡಿಕೊಂಡು ಅವನ ಎದೆ ಒತ್ತುತ್ತಿದ್ದರು.

"ಎದೆಬಡಿತ ನಿಂತೇ ಹೋಗಿತ್ತಮ್ಮ," ಅಂದರು ಆಸ್ಪತ್ರೆಯ ಡಾಕ್ಟರು. "ಮೇಷ್ಟ್ರ ಪುಣ್ಯ. ಇನ್ಮೇಲೆ ಕೆಲಸ ಕಮ್ಮಿ. ದಣಿದ್ರೆ ಕಷ್ಟ, ಈಗ್ಲೇ ಹೇಳಿರ್ತೀನಿ."

ಈ ದರ್ಜಿ ಮೊದಲು ಎಂಥವನು ಗೊತ್ತೇ? ಪರಲೋಕದ ಮಾತೆತ್ತಿದರೆ, "ಅಲ್ಲಿಗೆ ಹೋಗಿ ಅಳತೆ ತಗೊಂಡು ಬಂದೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ, ಆಮೇಲೆ ನಂಬೋಣ" ಅನ್ನುವವನು. ಇನ್ನು ಅವನ 'ನಾಳೆ' ಇಡೀ ಬೀದಿಗೇ ಪ್ರಸಿದ್ಧ. ಬಟ್ಟೆ ಕೇಳಿದರೆ ನಾಳೆ, ನಾಳೆ ಬಂದರೆ ಮತ್ತೆ ನಾಳೆ. ಮದುವೆಗೆ ಹೊಲಿಯಲು ಕೊಟ್ಟ ಪ್ಯಾಂಟು ಮಗು ನಡೆಯುವ ಹೊತ್ತಿಗೆ ಕೈಗೆ ಬರುತ್ತೆ ಅಂತ ಜನ ನಗುತ್ತಿದ್ದರು.

ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಅವನು ಕಾಫಿ ಲೋಟ ಹಿಡಿದುಕೊಂಡು, "ಹೋಗಿದ್ದೆ ಕಣೇ," ಅಂದ.

"ಎಲ್ಲಿಗೆ?"

"ಅಲ್ಲಿಗೇ. ಎಂಥ ಬೆಳಕು ಅಂತೀಯ! ನೋವಿಲ್ಲ, ಭಾರ ಇಲ್ಲ. ದೂರದಲ್ಲಿ ಗಂಟೆ ಬಾರಿಸ್ತಿತ್ತು. ಹೆಂಗಸಿನ ದನಿ ಕೇಳಿಸ್ತು. ಅಮ್ಮಂದೇ ಇರ್ಬೇಕು, ಅಷ್ಟು ಅಕ್ಕರೆಯಿಂದ ಇನ್ಯಾರು ಕರೀತಾರೆ? ಕೈಲಿರೋದು ಮುಗಿಸಿ ಬರ್ಬೇಕಂತೆ. ಅದಕ್ಕೇ ವಾಪಸ್ ಕಳಿಸಿದಾರೆ."

"ಮುಗಿಸಿದ ಮೇಲೆ?"

"ಮುಗಿಸಿದ ಮೇಲೆ ಇನ್ನೇನು, ಹೋಗೋದು." ಸಂತೆಗೆ ಹೋಗಿ ಬರುತ್ತೇನೆ ಅನ್ನುವಷ್ಟು ಸಲೀಸಾಗಿ ಅಂದ.

ಹೋಗಬೇಡಿ ಅನ್ನಬೇಕು ಅಂದುಕೊಂಡಳು. ಆದರೂ ಬಾಯಿಂದ ಬಂದದ್ದು ಬೇರೆಯದೇ ಪ್ರಶ್ನೆ. "ಮಗು ಕಾಣಿಸ್ತಾ?"

ಅವರಿಗೆ ಒಂದೇ ಒಂದು ಮಗುವಾಗಿತ್ತು, ಅಂಬೆಗಾಲಿಡುವ ಮೊದಲೇ ಹೋಗಿಬಿಟ್ಟಿತ್ತು. ಇಷ್ಟು ವರ್ಷ ಇಬ್ಬರೂ ಅದರ ಮಾತನ್ನು ಎತ್ತಿರಲಿಲ್ಲ.

"ನಾನು ಬಾಗಿಲ ತನಕ ಹೋಗಿದ್ದಷ್ಟೇ," ಅಂದ ದರ್ಜಿ. "ಒಳಗೆ ಅಮ್ಮನ ಹತ್ರ ಇರುತ್ತೆ ಬಿಡು."

ಆ ಮಾತಿಗೆ ಅವಳು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ದುಃಖಕ್ಕಲ್ಲ, ಸಮಾಧಾನಕ್ಕೆ. ಆಮೇಲೆ ಹೊರಗೆ ಮೆಷಿನ್ ಶುರುವಾದದ್ದು ಕೇಳಿಸಿತು, ಸಮಾಧಾನ ಅಲ್ಲಿಗೇ ಮುಗಿಯಿತು.

ಮೆಷಿನ್ ನಿಲ್ಲಲೇ ಇಲ್ಲ. ವರ್ಷದಿಂದ ಕಪಾಟಿನಲ್ಲಿ ಕೊಳೆಯುತ್ತಿದ್ದ ಬಟ್ಟೆಯ ಗಂಟುಗಳೆಲ್ಲ ಬಿಚ್ಚಿಕೊಂಡವು. ಹೊಸ ಬಟ್ಟೆ ತಂದವರಿಗೆ ದರ್ಜಿ ಕೈ ಮುಗಿದು ಬೇರೆ ಅಂಗಡಿ ತೋರಿಸಿದ. ಕೇಳುವ ಮೊದಲೇ ಬಟ್ಟೆ ಸಿಕ್ಕವರು, ಸಾವು ಒಳ್ಳೇ ಬುದ್ಧಿ ಕಲಿಸಿತು ಅಂತ ಹೊಗಳಿಕೊಂಡು ಹೋದರು. ಹೆಂಡತಿ ಮಾತ್ರ ಉಳಿದ ಗಂಟುಗಳನ್ನು ಎಣಿಸುತ್ತಿದ್ದಳು. ಅವನ ಬಾಯಲ್ಲಿ 'ನಾಳೆ' ಅನ್ನುವ ಮಾತೇ ಸತ್ತುಹೋಗಿತ್ತು. ಕಪಾಟಿನಲ್ಲಿ ರಾಶಿ ಇಳಿದಂತೆಲ್ಲ ಅವಳ ಜೀವವೂ ಇಳಿಯುತ್ತಿತ್ತು. ಅವನ ತುಟಿ ಕಪ್ಪಾಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಪ್ರಯತ್ನಿಸಬೇಕಿತ್ತು.

"ಡಾಕ್ಟರು ಏನು ಹೇಳಿದ್ರು? ಕಿವಿ ಕೇಳಿಸಲ್ವಾ ನಿಮಗೆ?"

"ಮೇಲಿನೋರು ಹೇಳಿದ್ಮೇಲೆ ಡಾಕ್ಟರ ಮಾತು ಯಾಕೆ?"

ಊಟವನ್ನೂ ಅವಳೇ ಮೆಷಿನ್ನಿನ ಹತ್ತಿರ ಒಯ್ದು ಕೊಡುತ್ತಿದ್ದಳು. ಅವತ್ತಿನ ನಂತರ ಒಳಗಿನಿಂದ ಕರೆಯಲು ಅವಳಿಗೆ ಧೈರ್ಯವಿರಲಿಲ್ಲ. ಕರೆದರೆ, ಆಮೇಲೆ ಸದ್ದೇ ಬರದಿದ್ದರೆ?

ಅವಳ ಕೈಯಲ್ಲಿ ಇದ್ದದ್ದು ಒಂದೇ ದಾರಿ. ಮೊದಲಿನಿಂದಲೂ ಹೊಲಿಗೆ ಅವನದು. ಕಾಜಾ, ಗುಂಡಿ, ಅಂಚಿನ ಕೈಹೊಲಿಗೆ ಅವಳದು. ಯಾವ ಬಟ್ಟೆಯೂ ಅವಳ ಕೈ ದಾಟದೆ ಮುಗಿಯುತ್ತಿರಲಿಲ್ಲ. ಹಾಗಾಗಿ ಅವಳು ಮುಗಿಸುವುದನ್ನೇ ಬಿಟ್ಟಳು. ಒಂದು ಶರ್ಟಿಗೆ ಕಾಲರಿನ ಗುಂಡಿ ಇಲ್ಲ, ಒಂದು ಪ್ಯಾಂಟಿಗೆ ಒಂದು ಕಾಲಿನ ಅಂಚು ಮಡಚಿಲ್ಲ. ಅವನು ಸ್ನಾನಕ್ಕೆ ಹೋದಾಗ ಹೊಲಿದದ್ದನ್ನೂ ಬಿಚ್ಚಿಡುತ್ತಿದ್ದಳು. ಗಿರಾಕಿಗಳು ಬೈದರು. ಬೈಸಿಕೊಂಡರೆ ಮೈಗೆ ಹತ್ತುತ್ತದೆಯೇ, ಬೈಲಿ! ದರ್ಜಿ ಮಾತ್ರ ಬೈಯಲಿಲ್ಲ. ಬಿಚ್ಚಿದ್ದನ್ನು ಮತ್ತೆ ಹೊಲಿದ, ಗುಂಡಿಯನ್ನೂ ತಾನೇ ಹಾಕಿದ. ಇವಳು ಉಳಿಸಲು ಹೋದದ್ದು ಅವನಿಗೆ ಇಮ್ಮಡಿ ದಣಿವಾಯಿತು.

ಕೊನೆಗೆ ಕಪಾಟಿನಲ್ಲಿ ಉಳಿದದ್ದು ಮೇಷ್ಟ್ರ ಕೋಟು ಒಂದೇ.

ಮೇಷ್ಟ್ರು ಬಂದು ಹಾಕಿಕೊಂಡು ನೋಡಿದರು. ಎಲ್ಲ ಸರಿ, ಹೊಟ್ಟೆಯ ಮೇಲಿನ ಗುಂಡಿ ಮಾತ್ರ ಇಲ್ಲ.

"ಏನಮ್ಮ, ನನ್ನ ಹೊಟ್ಟೆ ನೋಡಿ ಗುಂಡಿ ಓಡಿಹೋಯ್ತಾ?"

ಪ್ರಾಣ ಉಳಿಸಿದ ಮನುಷ್ಯ. ಅವರ ಮುಖ ನೋಡಲಾರದೆ ಅವಳು ತಲೆ ತಗ್ಗಿಸಿದಳು. ಗುಂಡಿ ಅವಳ ಸೆರಗಿನ ತುದಿಯ ಗಂಟಿನಲ್ಲಿತ್ತು.

"ಮಧ್ಯಾಹ್ನದ ಮೇಲೆ ಬನ್ನಿ ಮೇಷ್ಟ್ರೇ, ಇವತ್ತೇ ಮುಗಿಸ್ತೀನಿ," ಅಂದ ದರ್ಜಿ. "ತೋಳಿನ ಒಳಬಟ್ಟೆನೂ ಯಾಕೋ ಬಿಚ್ಚಿದೆ. ಅದೊಂದು ಆದ್ರೆ ಎಲ್ಲಾ ಮುಗೀತು." ಹಾಗೆ ಅನ್ನುವಾಗ ಅವನ ಮುಖದಲ್ಲಿ ಊರಿಗೆ ಹೊರಟವನ ಕಳೆ ಇತ್ತು.

ಅವಳು ಒಳಗೆ ಬಂದಳು. ಒಲೆಯ ಮೇಲಿನ ಅನ್ನ ಇಳಿಸಿಟ್ಟಳು. ಹೊರಗೆ ಮೆಷಿನ್ ಓಡುತ್ತಿತ್ತು. ಇವರಿಗೆ ಹೋಗುವ ಆತುರ ನೋಡು! ಸತ್ತ ಅಮ್ಮ ಕರೆದಳಂತೆ, ಓಡುತ್ತಾರಂತೆ. ಇಲ್ಲಿ ಇಷ್ಟು ವರ್ಷ ಬೇಯಿಸಿ ಹಾಕಿದವಳು ಯಾವ ಲೆಕ್ಕಕ್ಕೂ ಇಲ್ಲ. ಭಯ ಸಿಟ್ಟಿಗೆ ತಿರುಗಿತು. ಅವಳು ತಟ್ಟೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಹಳೆಯ ಅಭ್ಯಾಸದಂತೆ ಸೌಟಿನಿಂದ ಟಣ್ ಟಣ್ ಟಣ್ ಅಂತ ಬಡಿದಳು. ಮೆಷಿನ್ನಿನ ಸದ್ದಿನಲ್ಲಿ ಅವನಿಗೆ ಬರೀ ಮಾತು ಕೇಳಿಸದು ಅಂತ ಅವಳು ಮದುವೆಯಾದಾಗಿನಿಂದ ಮಾಡಿಕೊಂಡಿದ್ದ ಉಪಾಯ ಅದು.

"ಕೈಲಿರೋದು ಮುಗಿಸಿ ಬನ್ರೀ!"

ಮೆಷಿನ್ ಗಕ್ಕನೆ ನಿಂತಿತು.

ಸೌಟು ಅವಳ ಕೈಯಿಂದ ಜಾರಿತು. ಅಯ್ಯೋ ದೇವರೇ, ಕರೆಯಬಾರದಿತ್ತು, ಕರೆಯಬಾರದಿತ್ತು ಅಂತ ಅವಳು ಪರದೆಯ ಕಡೆ ಓಡಿದಳು. ಅಷ್ಟರಲ್ಲಿ ಪರದೆ ಸರಿಯಿತು. ದರ್ಜಿ ಬಾಗಿಲಲ್ಲಿ ನಿಂತಿದ್ದ, ಕೋಟು ಇನ್ನೂ ಕೈಯಲ್ಲೇ ಇತ್ತು. ಮುಖದಲ್ಲಿ ರಕ್ತವಿರಲಿಲ್ಲ.

"ಅದನ್ನ ಇನ್ನೊಂದ್ಸಲ ಬಡಿ."

ಅವಳು ಬಡಿಯಲಿಲ್ಲ. ಬಡಿಯದಿದ್ದರೂ ಇಬ್ಬರಿಗೂ ಕೇಳಿಸಿತು.

"ಅವತ್ತೂ ಬಡಿದಿದ್ಯಾ? ನಾನು ಬಿದ್ದಾಗ?"

ಅವಳಿಗೂ ಆಗಲೇ ಹೊಳೆದದ್ದು. ಗಂಟೆ. ಹೆಂಗಸಿನ ದನಿ. ಕೈಲಿರೋದು ಮುಗಿಸಿ ಬನ್ನಿ ಅಂತ ಅವತ್ತೂ ಅಂದಿದ್ದಳು. ಇಲ್ಲ ಅಂದುಬಿಟ್ಟರೆ ಅವನ ಬೆಳಕು ಅವನಿಗೆ ಉಳಿಯುತ್ತದೆ, ಅತ್ತೆಯ ಹತ್ತಿರ ಮಗುವೂ ಇರುತ್ತದೆ. ಸಂಜೆಯೊಳಗೆ ಕೋಟು ಮುಗಿಯುತ್ತದೆ. ಹೌದು ಅಂದರೆ ಗಂಡ ಉಳಿದಾನು, ಮಗು ಇನ್ನೊಂದು ಸಲ ಹೋಗುತ್ತದೆ.

"ಹೂಂ," ಅಂದಳು. "ಬಡಿದಿದ್ದೆ. ನೀವು ಬರ್ಲಿಲ್ಲ ಅಂತ ಮತ್ತೂ ಬಡಿದೆ."

ದರ್ಜಿ ಮೊದಲು ನಕ್ಕ. "ಅಲ್ಲ ಕಣೇ, ನನ್ನ ಕರೆದದ್ದು ಊಟಕ್ಕಾ?" ಅಂದ. ನಗು ಅಲ್ಲಿಗೇ ನಿಂತಿತು. ಅವನು ಹೊಸಿಲ ಮೇಲೆ ಕುಸಿದು ಕೂತು ಕೋಟನ್ನು ಎದೆಗೆ ಒತ್ತಿಕೊಂಡ. ಇಷ್ಟು ದಿನ ಅವನಿಗಿಲ್ಲದ ಭಯವೆಲ್ಲ ಆಗ ಒಟ್ಟಿಗೆ ಬಂತು.

"ಹಾಗಾದ್ರೆ ಅಲ್ಲಿ ಯಾರೂ ಇಲ್ವೇನೇ?"

"ನಂಗೇನ್ರೀ ಗೊತ್ತು?" ಅವಳೂ ಪಕ್ಕದಲ್ಲಿ ಕೂತಳು. ಅವನ ಕೈ ತಣ್ಣಗಿತ್ತು, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದ್ರೆ ಕಾಯ್ತಾರೆ. ನಾನು ಕಾಯಲ್ಲ. ಊಟ ಆರಿಹೋಗುತ್ತೆ, ಏಳಿ."

ಅವನು ಏಳಲಿಲ್ಲ. ಇಬ್ಬರೂ ಅಲ್ಲೇ ಕೂತಿದ್ದರು, ಊಟ ಆರಿಯೇ ಹೋಯಿತು. ಅವಳು ಸೆರಗಿನ ಗಂಟು ಬಿಚ್ಚಿ ಗುಂಡಿಯನ್ನು ಅವನ ಅಂಗೈಯಲ್ಲಿ ಇಟ್ಟಳು. ಅವನು ಅದನ್ನೇ ನೋಡಿದ, ಅವಳ ಮುಖ ನೋಡಿದ.

ಅಂಗಡಿಯಲ್ಲಿ ಚಪ್ಪಲಿಯ ಸದ್ದಾಯಿತು. "ಮುಗೀತೇನಪ್ಪಾ ಕೋಟು?" ಅಂದರು ಮೇಷ್ಟ್ರು.

ದರ್ಜಿ ಗುಂಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ನಾಳೆ ಬನ್ನಿ ಮೇಷ್ಟ್ರೇ," ಅಂದ.