ಕೋಗಿಲಬನದ ಮೂರು ಡಬ್ಬಿಗಳು

ಮಧುಮತಿ ಮೊದಲು ತನ್ನ ಕಣ್ಣುಗಳನ್ನೇ ಅನುಮಾನಿಸಿದಳು. ಬ್ಯಾಕ್ಟೀರಿಯಾ ಗುರುತಿಸುವ ಪುಣೆಯ ಲ್ಯಾಬಿನಿಂದ ಬಂದ ವರದಿಯನ್ನು ಮೂರು ಸಲ ಓದಿದಳು. ನಾಲ್ಕು, ಏಳು ಮತ್ತು ಒಂಬತ್ತನೆಯ ನಂಬರಿನವರ ಕರುಳಿನ ಬ್ಯಾಕ್ಟೀರಿಯಾಗಳ ಪಟ್ಟಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿತ್ತು. ಒಂದೇ ಒಲೆಯ ಅಡುಗೆ ಉಣ್ಣುವ ಅಕ್ಕತಂಗಿಯರ ಹೊಟ್ಟೆಯಲ್ಲೂ ಅಷ್ಟು ಹೋಲಿಕೆ ಇರುವುದಿಲ್ಲ.

ಅಂಬೇವಾಡಿಯ ಬಾಡಿಗೆ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿದ್ದ ಆ ಪುಟ್ಟ ಪ್ರಯೋಗಾಲಯದಲ್ಲಿ ಅವಳು ಎರಡು ವರ್ಷದಿಂದ ಕೆಲಸಕ್ಕಿದ್ದಳು. ಹೊಟ್ಟೆಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ ತುಂಬಿದ ಪುಡಿಯೊಂದನ್ನು ಔಷಧ ಕಂಪನಿಯೊಂದು ಪರೀಕ್ಷೆಗೆ ಕಳಿಸಿತ್ತು. ಕೆಲಸ ಕೇಳಿದರೆ ಮೂಗು ಮುಚ್ಚಿಕೊಳ್ಳಬೇಕು: ಹತ್ತು ಜನರ ಮಲದ ಮಾದರಿ ತರಿಸಿ, ಉಪ್ಪುನೀರಿನಲ್ಲಿ ಕದಡಿ, ಸೋಸಿ, ಗಾಜಿನ ಪಾತ್ರೆಗಳಿಗೆ ಹಾಕುವುದು. ಗಾಳಿಯಾಡದಂತೆ ಮುಚ್ಚಿ, ಮನುಷ್ಯರ ಮೈಯಷ್ಟೇ ಬೆಚ್ಚಗಿಟ್ಟು, ಹೊತ್ತುಹೊತ್ತಿಗೆ ಪಿಷ್ಟದ ಗಂಜಿ ಉಣಿಸುವುದು. ಪ್ರತಿಯೊಬ್ಬರಿಗೂ ಎರಡು ಪಾತ್ರೆ. ಒಂದಕ್ಕೆ ಪುಡಿ, ಇನ್ನೊಂದಕ್ಕೆ ಇಲ್ಲ. ಎರಡು ದಿನ ಬಿಟ್ಟು ಯಾವ ಬ್ಯಾಕ್ಟೀರಿಯಾ ಹೆಚ್ಚಿತು, ಯಾವುದು ಸೊರಗಿತು ಎಂದು ನೋಡುವುದು.

ಆ ಮೂರು ನಂಬರುಗಳಲ್ಲಿ ಪುಡಿ ಭರ್ಜರಿಯಾಗಿ ಕೆಲಸ ಮಾಡಿತ್ತು. ಉಳಿದ ಏಳರಲ್ಲಿ ಅಷ್ಟಕ್ಕಷ್ಟೆ.

ಕದಡಿ ಸೋಸುವ ಕೆಲಸ ಕಿರಣಕುಮಾರನದು. ಹಳಿಯಾಳದಿಂದ ದಿನಾ ಬಸ್ಸಿಗೆ ಬರುವ, ಮಾತು ಕಡಿಮೆಯ ಮನುಷ್ಯ. ಹತ್ತು ಡಬ್ಬಿ ಸೋಸುವ ಬೇಸರಕ್ಕೆ ಒಂದನ್ನೇ ಮೂರಾಗಿ ಹಂಚಿದರೆ ಕೇಳುವವರು ಯಾರು? ಈ ಯೋಚನೆ ಒಮ್ಮೆ ಬಂದದ್ದೇ ತಡ, ಅವನು ಮಾಡುವುದೆಲ್ಲ ಅವಳಿಗೆ ಬೇರೆಯಾಗಿ ಕಾಣತೊಡಗಿತು. ಅವಳು ಒಳಗೆ ಬಂದರೆ ಅವನು ನೀಲಿ ನೋಟುಪುಸ್ತಕವನ್ನು ತಟ್ಟನೆ ಮುಚ್ಚುತ್ತಿದ್ದ. ಫ್ರೀಜರಿನ ಕೆಳಗಿನ ಖಾನೆಯನ್ನು ಬೇರೆಯವರು ತೆರೆಯಲು ಬಿಡುತ್ತಿರಲಿಲ್ಲ.

"ಏನದು, ಭಾಳ ಬರಿಯಾಕತ್ತೀರಿ?" ಎಂದು ಒಮ್ಮೆ ಕೇಳಿದಳು.

"ಏನಿಲ್ರೀ. ನನ್ನ ಸ್ವಂತದ್ದು," ಎಂದು ಅವನು ಪುಸ್ತಕವನ್ನು ಚೀಲಕ್ಕೆ ಸೇರಿಸಿದ.

ಅಂದು ಮಧ್ಯಾಹ್ನವೇ ಅವಳು ಪ್ರಯೋಗಾಲಯದ ಮುಖ್ಯಸ್ಥರಾದ ಶರಣಬಸವ ಅವರ ಮುಂದೆ ವರದಿ ಇಟ್ಟಳು.

"ಖಾತ್ರಿ ಐತೇನು?" ಎಂದರು ಅವರು.

"ಖಾತ್ರಿ ಇಲ್ಲ ಸರ್. ಆದ್ರ ಡಬ್ಬಿ ಬಿಚ್ಚಾವ್ರು ಅವ್ರೊಬ್ರ."

ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಕಿರಣಕುಮಾರನಿಗೆ ಹೇಳಲಾಯಿತು. ಅವನು ವಾದ ಮಾಡಲಿಲ್ಲ. ಚೀಲ ಹೆಗಲಿಗೇರಿಸಿ, ಬಾಗಿಲ ಹತ್ತಿರ ನಿಂತು ಮಧುಮತಿಗೆ ಹೇಳಿದ: "ಫ್ರೀಜರಿನ ಕೆಳಗಿನ ಖಾನೆ ನೋಡ್ರಿ. ಆದ್ರ ನೀವೊಬ್ಬರ ನೋಡಬ್ಯಾಡ್ರಿ, ಸರ್‌ನ ಕರಕೊಂಡ ತಗೀರಿ."

ಅದು ಸಲಹೆಯೋ ಬೆದರಿಕೆಯೋ ಅವಳಿಗೆ ತಿಳಿಯಲಿಲ್ಲ. ಶರಣಬಸವ ಅವರ ಎದುರಿಗೇ ಖಾನೆ ಎಳೆದಳು. ಒಳಗೆ ಬೆರಳುದ್ದದ ಹತ್ತು ಕೊಳವೆಗಳಿದ್ದವು. ಡಬ್ಬಿ ಬಿಚ್ಚಿದ ಕೂಡಲೇ, ಕದಡುವ ಮೊದಲೇ, ಒಂದೊಂದರಿಂದಲೂ ಚೂರು ತೆಗೆದು ಅವನು ಹೆಪ್ಪುಗಟ್ಟಿಸಿಟ್ಟಿದ್ದ. ದಿನಾಂಕ, ಗಂಟೆ, ನಿಮಿಷ ಎಲ್ಲ ಬರೆದಿತ್ತು. ಹತ್ತನ್ನೂ ಪುಣೆಗೆ ಕಳಿಸಿದರು.

ಹನ್ನೆರಡು ದಿನಕ್ಕೆ ಉತ್ತರ ಬಂತು. ಕದಡುವ ಮೊದಲೂ ನಾಲ್ಕು, ಏಳು, ಒಂಬತ್ತು ಒಂದೇ ಆಗಿದ್ದವು. ಅಂದರೆ ಕಿರಣಕುಮಾರನ ಕೈಗೆ ಬರುವ ಮೊದಲೇ ಅದಲುಬದಲಾಗಿತ್ತು. ಅವನ ಮೊದಲು ಆ ಡಬ್ಬಿಗಳನ್ನು ಮುಟ್ಟಿದವರು ಇಬ್ಬರೇ: ಕೋಗಿಲಬನ ಎಂಬ ಊರಿಂದ ಅವನ್ನು ತಂದ ಈರಕ್ಕ, ಮತ್ತು ನಂಬರು ಅಂಟಿಸಿದ ಮಧುಮತಿ.

ಶರಣಬಸವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲೇಬಲ್ ಹಚ್ಚಿದವ್ರು ನೀವ ಅಲ್ಲೇನು?"

ಸಾಮಾನ್ಯವಾಗಿ ಅವರು ಅವಳನ್ನು ನೀನು ಎನ್ನುತ್ತಿದ್ದರು. ಆ 'ನೀವು' ಅವಳ ಎದೆಗೆ ಚುಚ್ಚಿತು. ಕಿರಣಕುಮಾರ ಬಾಗಿಲಲ್ಲಿ ನಿಂತಾಗ ಅವನಿಗೆ ಹೇಗಾಗಿತ್ತೆಂದು ಆಗ ಹೊಳೆಯಿತು.

ಮರುದಿನ ಬೆಳಿಗ್ಗೆ ಅವಳು ಸ್ಕೂಟಿ ಹತ್ತಿ ಕೋಗಿಲಬನಕ್ಕೆ ಹೋದಳು. ಈರಕ್ಕ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಊರಿನ ಎಲ್ಲರ ಮನೆಯ ಒಳಗೂ ಓಡಾಡುವವಳೆಂದು ಮಾದರಿ ಸಂಗ್ರಹಕ್ಕೆ ಪ್ರಯೋಗಾಲಯವೇ ಅವಳನ್ನು ಗೊತ್ತುಮಾಡಿತ್ತು. ಮಧುಮತಿ ಆ ಮೂರು ನಂಬರಿನವರ ಹೆಸರು ಹೇಳಿದಳು.

"ಕೊಟ್ಟದ್ದನ್ನ ತಂದೇನ್ರಿ," ಎಂದಳು ಈರಕ್ಕ, ಬಟ್ಟೆಯಿಂದ ಕಣ್ಣೆತ್ತದೆ. "ಯಾರ ಹೊಟ್ಟಿಯೊಳಗಿಂದು ಅಂತ ನಾ ಹೆಂಗ ಕೇಳ್ಲಿ?"

"ಈರಕ್ಕ, ಇದರಾಗ ಒಬ್ಬರ ಕೆಲಸ ಹೋಗೇತಿ. ಇನ್ನೊಂದು ನಂದು ಹೋಗೂದೈತಿ."

ಈರಕ್ಕ ಹಿಂಡಿದ ಬಟ್ಟೆಯನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಕೈ ಒರೆಸಿಕೊಂಡು, "ಬರ್ರಿ," ಎಂದು ಮೂರು ಮನೆ ಆಚೆ ಕರೆದೊಯ್ದಳು.

ಅಲ್ಲಿ ಕಟ್ಟೆಯ ಮೇಲೆ ಕೆಂಚವ್ವ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಎಪ್ಪತ್ತರ ಹತ್ತಿರದವಳು, ಅವಳೇ ನಾಲ್ಕನೆಯ ನಂಬರು. ಏಳು, ಒಂಬತ್ತು ಅಕ್ಕಪಕ್ಕದ ಮನೆಯ ಸೊಸೆಯರು. ವಿಷಯ ಕೇಳಿ ಅವಳು ಗಾಬರಿಯಾಗಲಿಲ್ಲ.

"ಹೌದು, ಮೂರೂ ನಂದ," ಎಂದಳು. "ಆ ಹುಡುಗ್ಯಾರು ಸಹಿ ಮಾಡಿಬಿಟ್ಟು ಆಮ್ಯಾಲ ಹೆದರಿದ್ರು. ಹೆದರದ ಏನ್ಮಾಡ್ತಾರ? ತಲಿಗೂದಲಾ, ಉಗುರಾ ಮಂದಿ ಕೈಯಾಗ ಸಿಗಬಾರದಂತಾರ. ಇದನ್ನ ಡಬ್ಬಿ ತುಂಬಿ, ಹೆಸರು ಬರದು ಒಯ್ತೀರಿ ಅಂದ್ರ ಯಾರು ನಂಬ್ತಾರ? ಒಬ್ಬಾಕಿ ಬಸರಿ ಬ್ಯಾರೆ. ನಾ ಅಂದೆ, ಮಾಟ ಮಾಡ್ಲಿ, ಮಂತ್ರ ಮಾಡ್ಲಿ, ನನಗ ತಟ್ಲಿ, ನಂದ ಒಯ್ರಿ ಅಂತ."

ಮಧುಮತಿ ಕಟ್ಟೆಯ ತುದಿಯಲ್ಲಿ ಕುಳಿತಳು. ಮುದುಕಿ ಅವಳ ಮುಖವನ್ನೇ ದಿಟ್ಟಿಸುತ್ತಿದ್ದಳು.

"ಈಗ ನೀ ಖರೇ ಹೇಳು ತಂಗಿ. ಏನ್ಮಾಡಿದ್ರಿ ಅದನ್ನ?"

"ನೀವ ಬಂದು ನೋಡ್ರಿ ಅಜ್ಜಿ."

ಕೆಂಚವ್ವ ಅಂದೇ ಹೊರಟಳು. ನಂಬಿಕೆಯಿಂದಲ್ಲ, ಕಂಡೇ ತೀರಬೇಕೆಂಬ ಹಟದಿಂದ. ಪ್ರಯೋಗಾಲಯದಲ್ಲಿ ಚಪ್ಪಲಿ ಬಿಟ್ಟು, ಸೆರಗು ಬಿಗಿ ಮಾಡಿ, ಪ್ರತಿ ಮೂಲೆಗೂ ಹೋಗಿ ನೋಡಿದಳು. ಕಪಾಟು ತೆಗೆಸಿದಳು. ಗಾಜಿನ ಪಾತ್ರೆಗಳ ಮುಂದೆ ನಿಂತು, ಬೇರೊಂದು ಪರೀಕ್ಷೆಗೆಂದು ಒಳಗೆ ಮೆಲ್ಲಗೆ ತಿರುಗುತ್ತಿದ್ದ ಕಂದು ನೀರನ್ನು ಬಹಳ ಹೊತ್ತು ನೋಡಿದಳು. ಇದಕ್ಕೆ ಎಷ್ಟು ಹೊತ್ತಿಗೊಮ್ಮೆ ಉಣಿಸುತ್ತೀರಿ, ಏನು ಉಣಿಸುತ್ತೀರಿ ಎಂದು ಕೇಳಿದಳು.

"ನನಗ ಮನ್ಯಾಗ ಇಷ್ಟು ಬರೋಬ್ಬರಿ ಯಾರೂ ಉಣ್ಣಾಕ ಕೊಡಂಗಿಲ್ಲ," ಎಂದಳು. ಆಮೇಲೆ, "ಹೆಸರು ಯಾಕ ಬರೀತೀರಿ?"

"ಡಬ್ಬಿ ಮ್ಯಾಲ ಹೆಸರಿಲ್ಲ ಅಜ್ಜಿ, ಬರೇ ನಂಬರು."

"ಆ ಹುಡುಗ್ಯಾರಿಗೆ ಇಷ್ಟು ಮೊದಲ ಹೇಳಿದ್ರ ಆಗ್ತಿತ್ತಲ್ಲ," ಎಂದಳು ಕೆಂಚವ್ವ. ಸಹಿ ಹಾಕಿಸಿಕೊಂಡ ಒಪ್ಪಿಗೆಯ ಕಾಗದ ನಾಲ್ಕು ಪುಟದ್ದಿತ್ತು. ಅದನ್ನು ಯಾರೂ ಓದಿ ಹೇಳಿರಲಿಲ್ಲ.

ಮುದುಕಿಯನ್ನು ಆಟೋ ಹತ್ತಿಸಿ ಬಂದಾಗ ಶರಣಬಸವ ಕಿಟಕಿಯ ಹತ್ತಿರ ನಿಂತಿದ್ದರು.

"ನೋಡು, ಸೋಮವಾರ ರಿಪೋರ್ಟ್ ಹೋಗಬೇಕು. ಹತ್ತು ಮಂದಿ ಅಂತ ಕೊಟ್ಟೇವಿ. ಆ ಮೂರು ಇದ್ರ ಪುಡಿ ಛಲೋ ಅಂತ ಆಗ್ತೇತಿ. ತಗದ್ರ ಏನೂ ಉಳಿಯಂಗಿಲ್ಲ." ಕಿಟಕಿಯಿಂದ ತಿರುಗದೆಯೇ, "ಮೋಸ ನಾವು ಮಾಡಿದ್ದಲ್ಲಲ್ಲ," ಎಂದರು.

ಇಷ್ಟು ದಿನ ಎಲ್ಲರನ್ನೂ ಸಂಶಯದಿಂದ ನೋಡಿದ್ದ ಮಧುಮತಿ ಇವರೊಬ್ಬರನ್ನು ಮಾತ್ರ ಹಾಗೆ ನೋಡಿರಲಿಲ್ಲ.

"ಇವತ್ತಿನ ತನಕ ಮಾಡಿಲ್ಲ ಸರ್," ಎಂದಳು. "ಹಂಗ ಕಳಿಸಿದ್ರ ನನ್ನ ಸಹಿ ಇರಂಗಿಲ್ಲ."

ಅವಳ ಸಹಿಯಿಲ್ಲದೆ ವರದಿ ಕಂಪನಿಗೆ ಹೋಗುವಂತಿರಲಿಲ್ಲ. ಕೊನೆಗೆ ಕುರ್ಚಿ ಎಳೆದು ಕುಳಿತು, ಅವಳ ಎದುರಿಗೇ ಕಂಪನಿಗೆ ಪತ್ರ ಬರೆದರು: ಮೂರು ಮಾದರಿಗಳನ್ನು ಕೈಬಿಡಲಾಗಿದೆ, ಹೊಸದಾಗಿ ಸಂಗ್ರಹಿಸಲು ಒಂದು ತಿಂಗಳು ಬೇಕು.

ಭಾನುವಾರ ಅವಳು ಹಳಿಯಾಳಕ್ಕೆ ಹೋದಳು. ಕಿರಣಕುಮಾರ ಮನೆಯ ಮುಂದೆ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದ. ನಡೆದದ್ದನ್ನೆಲ್ಲ ಅವಳು ನಿಂತೇ ಹೇಳಿದಳು. "ತಪ್ಪಾತ್ರಿ. ನಿಮ್ಮನ್ನ ಒಂದ ಮಾತು ಕೇಳಬೇಕಿತ್ತು. ಕೇಳಲಿಲ್ಲ."

ಅವನು ಒಳಗೆ ಹೋಗಿ ನೀಲಿ ನೋಟುಪುಸ್ತಕ ತಂದು ಅವಳ ಕೈಗಿಟ್ಟ. ತೆರೆದರೆ ಅವಳದೇ ಹೆಸರು. ಮಧುಮತಿ ಎಷ್ಟು ಗಂಟೆಗೆ ಬಂದಳು, ಎಷ್ಟು ಹೊತ್ತು ಒಬ್ಬಳೇ ಇದ್ದಳು. ಒಂದು ಕಡೆ 'ಏಳನೇ ಡಬ್ಬಿ ಲೇಬಲ್ ಕಿತ್ತು ಬೇರೆ ಹಚ್ಚಿದಳು' ಎಂದು ಗೆರೆ ಎಳೆದು ಬರೆದಿತ್ತು.

"ತಾರೀಖು ತಪ್ಪು ಬರದಿದ್ದೆ," ಎಂದಳು ಅವಳು, ಮುಖ ಕೆಂಪಾಗಿ. "ಅದಕ್ಕ ಕಿತ್ತಿದ್ದು."

"ನನಗೇನ್ ಗೊತ್ರೀ. ನಿಮ್ಮ ಮ್ಯಾಲ ಸಂಶಯ ಬಂತು. ಅದಕ್ಕ ಆ ಕೊಳವಿ ತುಂಬಿಟ್ಟೆ." ಅವನ ಕತ್ತು ಬಾಗಿತ್ತು. "ನಾನೂ ಕೇಳಲಿಲ್ಲ."

ಅವಳಿಗೆ ಸಿಟ್ಟು ಬಂತು; ಸಿಟ್ಟು ಮಾಡಲು ತನಗೆ ಹಕ್ಕಿಲ್ಲವೆಂದೂ ಅನ್ನಿಸಿತು. ಅವನ ತಾಯಿ ಚಹಾ ತಂದರು. ಇಬ್ಬರೂ ಕುಡಿದರು.

ಬುಧವಾರ ಅವನು ಕೆಲಸಕ್ಕೆ ಬಂದ. ಮುಂದಿನ ವಾರ ಇಬ್ಬರೂ ಕೋಗಿಲಬನಕ್ಕೆ ಹೋಗಿ ಆ ನಾಲ್ಕು ಪುಟಗಳನ್ನು ಹೆಂಗಸರಿಗೆ ಓದಿ ಹೇಳಿದರು. ಬಸುರಿ ಸೊಸೆ ಬೇಡವೆಂದಳು; ಅವಳ ಹೆಸರು ಬಿಟ್ಟರು. ಇನ್ನೊಬ್ಬ ಸೊಸೆ ಒಪ್ಪಿದಳು, ಬಸುರಿಯ ಬದಲಿಗೆ ಊರಿನ ಮತ್ತೊಬ್ಬಳೂ ಒಪ್ಪಿದಳು. ಕೆಂಚವ್ವ ಈ ಸಲ ತನ್ನದೊಂದೇ ಡಬ್ಬಿ ಕೊಟ್ಟಳು.

ಹತ್ತರಲ್ಲಿ ಇಬ್ಬರ ಪಾತ್ರೆಗಳಲ್ಲಷ್ಟೇ ಪುಡಿಯ ಪರಿಣಾಮ ಕಂಡಿತು. ಶರಣಬಸವ ಹಾಗೆಯೇ ಬರೆದು ಕಳಿಸಿದರು. ಕಂಪನಿ ಮತ್ತೆ ಕೆಲಸ ಕೊಡಲಿಲ್ಲ.